ಎರಡನೆಯ ಗೆರೆ

ಎರಡನೆಯ ಗೆರೆ ಮೂಡುತ್ತಿದ್ದಾಗ ಅವಳು ನೋಡುತ್ತಿದ್ದುದು ಕಿಟ್ ಮಾರಲು ಬಂದವನ ಕಾಲುಚೀಲಗಳನ್ನು. ಒಂದು ಕಪ್ಪು, ಇನ್ನೊಂದು ಕಡುನೀಲಿ. ಕತ್ತಲಲ್ಲಿ ಎದ್ದು ಹೊರಟಿದ್ದಾನೆ, ಮನೆಯಲ್ಲಿ ಹೇಳುವವರಿಲ್ಲ ಅಂದುಕೊಂಡು ಒಳಗೊಳಗೇ ನಗುತ್ತಿದ್ದಳು. ಪಟ್ಟಿಯ ಮೇಲೆ ಒಂದೇ ಗೆರೆ ಬಂದರೆ ರಕ್ತದಲ್ಲಿ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಇಲ್ಲ, ಎರಡು ಬಂದರೆ ಇದೆ ಎಂದು ಅವನು ಆಗಷ್ಟೇ, ಇದೇ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಸವೆಸಿದವಳಿಗೆ, ಬಾಯಿಪಾಠ ಒಪ್ಪಿಸಿದ್ದ. "ಖಂಡಿತ ನೆಗೆಟಿವ್ ಅಂತ ಗೊತ್ತಿರೋ ಸ್ಯಾಂಪಲ್ ಒಂದಿದ್ರೆ ಕೊಡಿ ಮೇಡಂ, ಎದುರಿಗೇ ತೋರಿಸಿಬಿಡ್ತೀನಿ" ಅಂದಾಗ, ಮೂಲೆಯ ಸಿಂಕಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದ ಆಯಾ ತಿರುಗಿಯೂ ನೋಡದೆ, "ನಾರ್ಮಲಮ್ಮಂದೇ ಹಾಕು, ಅದಕ್ಕಿಂತ ಖಂಡಿತ ಇನ್ಯಾವ್ದಿದೆ" ಅಂದಿದ್ದಳು. ನಾರ್ಮಲಮ್ಮ ಅಂದರೆ ಯಾರೋ ರೋಗಿಯ ಹೆಸರು ಅಂದುಕೊಂಡಿರಬೇಕು ಅವನು, ತಲೆಯಾಡಿಸಿದ. ಬೆಳಿಗ್ಗೆ ತನ್ನ ತೋಳಿನಿಂದಲೇ ತೆಗೆದಿಟ್ಟಿದ್ದ ಕೊಳವೆಯನ್ನು ಅವಳು ಮುಂದೆ ತಳ್ಳಿದ್ದಳು. ಈಗ ಆ ಬಿಳಿ ಪಟ್ಟಿಯ ಮೇಲೆ ಮೊದಲ ಗೆರೆಯ ಪಕ್ಕದಲ್ಲಿ ಇನ್ನೊಂದು, ಮೊದಲು ಇದೆಯೋ ಇಲ್ಲವೋ ಎಂಬಂತೆ, ಆಮೇಲೆ ಮಗುವಿನ ಕೆನ್ನೆಯ ಮೇಲೆ ಏಟಿನ ಬೆರಳು ಮೂಡುವ ಹಾಗೆ, ಕೆಂಪಗೆ ಎದ್ದು ಬಂತು.

"ಏನ್ರೀ ಇದು?" ಅಂದಳು. ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ವಿಚಿತ್ರವೆನಿಸಿತು. ಅವನು "ಒಂದ್ನಿಮಿಷ ಮೇಡಂ, ಇನ್ನೊಂದು ತೆಗೀತೀನಿ" ಅಂದ. ಇನ್ನೊಂದು ಪೊಟ್ಟಣ ಹರಿದು ಹನಿ ಬಿಟ್ಟು, ಇಬ್ಬರೂ ಅದನ್ನು ಒಲೆಯ ಮೇಲಿಟ್ಟ ಹಾಲಿನಂತೆ ಕಾದರು. ಮತ್ತೆ ಎರಡು. ಆಗ ಅವಳು ಬೈಯತೊಡಗಿದಳು. ಕಿಟ್ಟನ್ನು ಬಿಸಿಲಲ್ಲಿ ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಊರೆಲ್ಲಾ ತಿರುಗಿದರೆ ಕೆಡದೆ ಇರುತ್ತಾ, ಇಂಥದನ್ನು ತಂದು ನಾಳೆ ಯಾರಿಗೋ ಇಲ್ಲದ ರೋಗ ಅಂಟಿಸುತ್ತೀರಲ್ಲ, ಅವರ ಮನೆ ಏನಾಗಬೇಕು, ನಿಮಗೆ ಮಾರಾಟವಾದರೆ ಸಾಕು. ಅವನು "ಸಾರಿ ಮೇಡಂ, ಬ್ಯಾಚೇ ಸರಿ ಇಲ್ಲ ಅನ್ಸುತ್ತೆ" ಅಂತ, ತಾನೇ ತಪ್ಪು ಮಾಡಿದವನಂತೆ, ಚೆಲ್ಲಿದ ಕಾಗದಗಳನ್ನು ಆರಿಸಿ ಜೇಬಿಗೆ ತುರುಕಿಕೊಂಡ. ಬಾಗಿಲ ತನಕ ಹೋದವನು ತಿರುಗಿ, ಉಳಿದ ಡಬ್ಬಿಯನ್ನು ಕಟ್ಟೆಯ ತುದಿಗಿಟ್ಟು, "ಬೇಜಾರಿಲ್ಲದಾಗ ಇನ್ನೊಂದ್ಸಲ ನೋಡಿ" ಅಂದು ನಂಬರಿನ ಚೀಟಿ ಇಟ್ಟು ಹೋದ. ಅವನ ಅಂಗಿಯ ಬೆನ್ನಿನ ಮೇಲೆ ಬೆವರು ಒಂದು ದೇಶದ ನಕ್ಷೆಯಂತೆ ಹರಡಿತ್ತು. "ಪಾಪ, ಊಟಾನೂ ಮಾಡಿರ್ಲಿಲ್ಲವೇನೋ" ಅಂದಳು ಆಯಾ. ಇವಳ ಕಿವಿಯೊಳಗೆ ರಕ್ತ ತಿರುಗಿಸುವ ಸೆಂಟ್ರಿಫ್ಯೂಜಿನ ಗುಂಯ್‌ಗುಡುವಿಕೆ ಕೇಳುತ್ತಿತ್ತು. ನೋಡಿದರೆ ಯಂತ್ರ ನಿಂತೇ ಇತ್ತು.

ಅವಳನ್ನು ನಾರ್ಮಲಮ್ಮ ಮಾಡಿದ್ದು ಹಳೆಯ ಡಾಕ್ಟರು. ರಕ್ತಕಣ ಎಣಿಸುವ ಯಂತ್ರ ದಿನವೂ ಸರಿಯಾಗಿ ಎಣಿಸುತ್ತಿದೆಯೇ ಎಂದು ನೋಡಲು ಕಂಪನಿಯವರು ಒಂದು ಪುಟ್ಟ ಬಾಟಲಿ ಕೊಡುತ್ತಾರೆ; ಅದು ದುಬಾರಿ, ಬರುವುದು ತಡ, ಬಂದರೂ ಬೇಗ ಹಾಳು. ಒಂದು ದಿನ ಬಾಟಲಿ ಇರಲಿಲ್ಲ, ಹಳೆಯ ಡಾಕ್ಟರು ಅವಳ ತೋಳು ನೋಡಿ, "ಬಾಮ್ಮ, ನಿಂದೇ ಕೊಡು" ಅಂದರು. ಮರುದಿನವೂ ಅದೇ, ಅದರ ಮರುದಿನವೂ. ನಿನ್ನ ರಕ್ತ ಗಡಿಯಾರ ಇದ್ದ ಹಾಗೆ ಕಣಮ್ಮ, ಒಂಚೂರು ಆಚೀಚೆ ಆಗಲ್ಲ ಎಂದು ಅವರು ಹೊಗಳುತ್ತಿದ್ದರು. ಆ ಮಾತಿನಿಂದ ಆಗ ಅವಳಿಗೆ ಮೈ ಬೆಚ್ಚಗಾಗುತ್ತಿತ್ತು. ಹುಡುಗಿಯಾಗಿದ್ದಾಗ ಯಾರೂ ಅವಳನ್ನು ಯಾವುದಕ್ಕೂ ಮಾದರಿ ಅಂದವರಲ್ಲ. ಅಕ್ಕನ ಬಣ್ಣ, ತಂಗಿಯ ಕಂಠ, ನಡುವಿನವಳು ಬರಿಯ ನಡುವಿನವಳು. ಇಲ್ಲಿ ಅವಳ ನಡುವಿನತನಕ್ಕೇ ಬೆಲೆ ಬಂದಿತ್ತು. ಬೆಳಿಗ್ಗೆ ಬಂದು, ಬ್ಯಾಗು ಮೊಳೆಗೆ ನೇತುಹಾಕಿ, ಎಡಗೈಗೆ ಪಟ್ಟಿ ಬಿಗಿದು ಹಲ್ಲಿನಿಂದ ತುದಿ ಹಿಡಿದೆಳೆದು, ತನಗೆ ತಾನೇ ಚುಚ್ಚಿಕೊಳ್ಳುವುದು ಮುಖ ತೊಳೆದಷ್ಟೇ ಅಭ್ಯಾಸವಾಗಿತ್ತು. ಯಂತ್ರಕ್ಕೆ ಮೊದಲು ಅವಳದು, ಆಸ್ಪತ್ರೆಗೆ ಬಂದವರ ರಕ್ತ ಹೋಗುವುದು ಆಮೇಲೆ; ಅವಳನ್ನು ದಾಟಿಯೇ ಎಲ್ಲರೂ ಹೋಗಬೇಕು.

ಕಪಾಟಿನಲ್ಲಿ ಬೇರೆ ಕಂಪನಿಯ ಹಳೆಯ ಪಟ್ಟಿ ಒಂದೇ ಒಂದು ಉಳಿದಿತ್ತು. ಆಯಾ ಕೊಳವೆಗಳ ಬುಟ್ಟಿ ಹೊತ್ತು ಆಚೆ ಹೋದದ್ದನ್ನು ನೋಡಿ ಅದನ್ನು ತೆಗೆದಳು. ಹನಿ ಬಿಟ್ಟು, ಅದನ್ನು ಡ್ರಾಯರಿನೊಳಗಿಟ್ಟು ಮುಚ್ಚಿದಳು, ಯಾರಾದರೂ ನೋಡಿಯಾರೆಂದು. ಒಳಗೆ ಅದು ಏನು ಮಾಡುತ್ತಿದೆಯೋ ಎಂದು ಡ್ರಾಯರಿನ ಹಿಡಿಯನ್ನೇ ನೋಡುತ್ತ ನಿಂತಳು. ಇಷ್ಟು ವರ್ಷದಲ್ಲಿ ಈ ಒಂದನ್ನು ತಾನು ಯಾಕೆ ಮಾಡಿಕೊಂಡಿರಲಿಲ್ಲ? ಆಸ್ಪತ್ರೆಯವರಿಗೆಲ್ಲ ಲಸಿಕೆ ಹಾಕಿಸಿದಾಗ ಮೊದಲು ರಕ್ತ ನೋಡಿ ಅಂದಿದ್ದರು. ಎಲ್ಲರದ್ದನ್ನೂ ಅವಳೇ ನೋಡಿದ್ದಳು, ಕೊನೆಗೆ ತನ್ನದು ಬಂದಾಗ ನಾನೇನು ಹೊಸಬಳೇ ಅಂತ ಪರೀಕ್ಷೆ ಬಿಟ್ಟು ನೇರ ಸೂಜಿ ಚುಚ್ಚಿಸಿಕೊಂಡಿದ್ದಳು; ರೋಗ ಆಗಲೇ ಒಳಗಿದ್ದರೆ ಲಸಿಕೆ ಏನೂ ಮಾಡದು. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ. ಹೊಟ್ಟೆ ಮುಂದಕ್ಕೆ ಬಂದು ಸ್ಟೂಲು ಕಟ್ಟೆಗೆ ಹತ್ತಿರ ಎಳೆದುಕೊಳ್ಳಲಾಗುತ್ತಿರಲಿಲ್ಲ. ಬಸುರಿಯ ರಕ್ತಪರೀಕ್ಷೆಗಳನ್ನೆಲ್ಲ ತಾನೇ ಮಾಡಿಕೊಂಡಳು, ಇನ್ಯಾರು ಮಾಡಬೇಕು. ಈ ಪಟ್ಟಿ ಮಾತ್ರ ಆವತ್ತು ಮುಗಿದಿತ್ತು. ನಾಳೆ ನೋಡಿಕೊಂಡರಾಯಿತು ಅಂತ ನೆಗೆಟಿವ್ ಎಂದು ಬರೆದು ಕಳಿಸಿದಳು. ಕಾಲು ಊದಿದ್ದವು. ಚಪ್ಪಲಿಯ ಪಟ್ಟಿ ಪಾದದ ಮೇಲೆ ಒತ್ತಿ ಗುರುತು ಮಾಡಿತ್ತು, ಅದನ್ನು ಬೆರಳಿನಿಂದ ತಿಕ್ಕುತ್ತಿದ್ದುದು ನೆನಪಿದೆ. ನಾಳೆ ಬರಲೇ ಇಲ್ಲ. ಮಗಳು ಬಂದಳು. ಪಾಸಿಟಿವ್ ಅಂತ ಗೊತ್ತಿದ್ದರೆ ಕೂಸು ಹುಟ್ಟಿದ ತಕ್ಷಣ ಎರಡು ತೊಡೆಗೂ ಸೂಜಿ ಹಾಕಿ ತಡೆಯುತ್ತಿದ್ದರು. ಅವಳೇ ಎಷ್ಟು ತಾಯಂದಿರಿಗೆ ಹೇಳಿದ್ದಳು, ಹೆದರ್ಬೇಡಿ, ಸರಿಯಾದ ಹೊತ್ತಿಗೆ ಹಾಕಿದ್ರೆ ಮಗುಗೆ ಬರಲ್ಲ ಅಂತ.

ಡ್ರಾಯರು ಎಳೆದಳು. ಇಲ್ಲೂ ಎರಡು.

ಮಗಳು. ಮೊದಲು ನೆನಪಾದದ್ದು ಅವಳ ಮುಖವಲ್ಲ, ಹಾಲೂಡಿಸುವಾಗ ಎದೆ ಒಡೆದು ರಕ್ತ ಜಿನುಗಿದ್ದು. ಆಮೇಲೆ ಒಂದೇ ಉಗುರುಕತ್ತರಿ, ಬಚ್ಚಲಿನ ಗೂಡಿನಲ್ಲಿ ಗಂಡನದು, ತನ್ನದು, ಮಗಳದು ಎಂದು ಬೇರೆ ಮಾಡದ ಬ್ಲೇಡುಗಳು. ಕೆಲವು ತಿಂಗಳ ಹಿಂದೆ ಮಗಳು ಸುಸ್ತು ಸುಸ್ತು ಅನ್ನುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತಿರುವ ಕೆಲಸ, ಸುಸ್ತಾಗದೆ ಏನು, ಆದರೂ ಇಲ್ಲಿಗೆ ಕರೆಸಿ ರಕ್ತ ನೋಡಿದ್ದಳು. ಎನ್‌ಜೈಮು, ಕಣಗಳು, ಎಲ್ಲಾ. ಬಂದ ಸಂಖ್ಯೆಗಳನ್ನು ತನ್ನ ಬೆಳಗಿನ ಸಂಖ್ಯೆಗಳ ಪಕ್ಕ ಹಿಡಿದು, ಸಂತೋಷದಿಂದ, "ನೋಡೇ, ಅಚ್ಚು ನನ್ನ ಹಾಗೇ ಇದೆ" ಅಂದಿದ್ದಳು. ಅಚ್ಚು ನನ್ನ ಹಾಗೇ. ಕಟ್ಟೆಯ ಅಂಚು ಹಿಡಿದುಕೊಂಡಳು.

"ಏನು, ಮೆಷಿನ್ ಸರಿ ಇದೆ ತಾನೆ?" ಹೊಸ ಡಾಕ್ಟರು ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದಿದ್ದರು. ಹೊಸಬರೆಂದರೆ ಬಂದು ಎರಡು ವರ್ಷವಾಗಿತ್ತು, ಆದರೆ ನಿವೃತ್ತರಾಗಿ ಮನೆಯಲ್ಲಿರುವ ಹಳೆಯ ಡಾಕ್ಟರು ಬದುಕಿರುವ ತನಕ ಇವರು ಹೊಸಬರೇ. ಅವಳು ಡ್ರಾಯರನ್ನು ಸೊಂಟದಿಂದ ನೂಕಿ ಮುಚ್ಚಿದಳು. "ಬೆಳಿಗ್ಗೆ ನೋಡಿದೀನಿ ಸಾರ್." "ಅಲ್ಲ, ಆ ದರ್ಜಿ ಇದಾನಲ್ಲ, ಲಿವರಿಂದು. ಸ್ಕ್ಯಾನಲ್ಲಿ ಗುಲ್ಮ, ಸ್ಪ್ಲೀನು, ದಪ್ಪ ಕಾಣುತ್ತೆ, ಹಾಗಿದ್ರೆ ಪ್ಲೇಟ್ಲೆಟ್ ಇಳಿದಿರ್ಬೇಕು. ನಿಮ್ಮ ರಿಪೋರ್ಟಲ್ಲಿ ನೋಡಿದ್ರೆ ಚೆನ್ನಾಗೇ ಬಂದಿದೆ. ಒಂದಕ್ಕೊಂದು ತಾಳೆ ಆಗ್ತಾ ಇಲ್ಲ." ಅವಳು ಕೇಳಬಾರದಿತ್ತು, ಕೇಳಿದಳು: "ಎನ್‌ಜೈಮ್ ನಾರ್ಮಲ್ ಇದ್ರೆ ಲಿವರ್ ಚೆನ್ನಾಗಿದೆ ಅಂತಲ್ವಾ ಸಾರ್?" ಅವರು ನಕ್ಕರು, ಪಾಠ ಹೇಳುವುದು ಅವರಿಗೆ ಇಷ್ಟ. "ಲಿವರಿಗೆ ಬಾಯಿಲ್ಲ ಕಣ್ರೀ. ಒಳಗೆ ಗಾಯ ಆಗ್ತಾ, ಮಾಯ್ತಾ, ಮಾಯ್ದ ಕಡೆ ಗಂಟು ಕಟ್ತಾ ಹೋಗುತ್ತೆ, ಎನ್‌ಜೈಮ್ ಮಾತ್ರ ದೊಡ್ಡಮನುಷ್ಯರ ಥರ ಸುಮ್ನೆ ಕೂತಿರುತ್ತೆ. ವರ್ಷಗಟ್ಲೆ. ಅದಕ್ಕೇ ವಯಸ್ಸು, ಎರಡು ಎನ್‌ಜೈಮು, ಪ್ಲೇಟ್ಲೆಟ್ಟು, ಇಷ್ಟನ್ನ ಸೇರಿಸಿ ಒಂದು ಲೆಕ್ಕ ಹಾಕೋದು. ಗಾಯ ಗಟ್ಟಿ ಆದಷ್ಟೂ ಪ್ಲೇಟ್ಲೆಟ್ ಇಳೀತಾ ಬರುತ್ತೆ. ಮೆಲ್ಲಗೆ. ಗೊತ್ತೇ ಆಗಲ್ಲ." ಆಮೇಲೆ ಬಾಗಿಲಲ್ಲಿ ನಿಂತು, "ಮೆಷಿನ್‌ನ ಯಾವುದ್ರಲ್ಲಿ ನೋಡಿದ್ರಿ?" "ನನ್ನದ್ರಲ್ಲೇ ಸಾರ್." "ಹಾಗಾದ್ರೆ ಬಿಡಿ, ನಾರ್ಮಲಮ್ಮ ಇದ್ಮೇಲೆ ಇನ್ನೇನು! ಸಂಜೆ ಅವನನ್ನ ಕಳಿಸಿಬಿಡ್ತೀನಿ, ಆರು ತಿಂಗಳು ಬಿಟ್ಟು ಬರಲಿ." ಅವಳೂ ನಕ್ಕಳು. ನಗು ಮುಖದಿಂದ ಇಳಿಯಲು ಮರೆತು ಅಲ್ಲೇ ಉಳಿಯಿತು.

ಮೆಲ್ಲಗೆ. ಗೊತ್ತೇ ಆಗಲ್ಲ. ಅವಳಿಗೆ ಗೊತ್ತಾಗಿತ್ತು, ಎಷ್ಟೋ ಸಲ. ಕೆಂಪು ಕಣ, ಬಿಳಿ ಕಣ ಎಲ್ಲಾ ಎಂದಿನಂತಿದ್ದು ಪ್ಲೇಟ್ಲೆಟ್ ಒಂದೇ ಸ್ವಲ್ಪ ಕೆಳಗೆ ಬರುತ್ತಿತ್ತು. ಯಂತ್ರಕ್ಕೆ ವಯಸ್ಸಾಯಿತು, ಕಮ್ಮಿ ಎಣಿಸುತ್ತಿದೆ ಅಂದುಕೊಂಡಳು. ಅಂಥ ಹೊತ್ತಿಗಂತಲೇ ಯಂತ್ರದೊಳಗೆ ಒಂದು ತಿದ್ದುವ ಅಂಕಿ ಇರುತ್ತದೆ. ಅದನ್ನು ಒಂಚೂರು ಮೇಲಕ್ಕೆತ್ತಿದರೆ ಎಣಿಸಿದ್ದಕ್ಕೆಲ್ಲ ಅಷ್ಟು ಸೇರಿಸಿ ಹೇಳುತ್ತದೆ. ಎತ್ತಿದಳು. ನಾರ್ಮಲಮ್ಮ ಮತ್ತೆ ನಾರ್ಮಲ್ಲಿಗೆ ಬಂದಳು. ಕೆಲವು ತಿಂಗಳಿಗೆ ಮತ್ತೆ ಇಳಿಯಿತು, ಮತ್ತೆ ಎತ್ತಿದಳು, ಗೋಡೆಯ ಗಡಿಯಾರ ಹಿಂದೆ ಬಿದ್ದಾಗ ಕುರ್ಚಿ ಹತ್ತಿ ಮುಳ್ಳು ಸರಿಸುವಂತೆ, ಬೇರೇನನ್ನೋ ಯೋಚಿಸುತ್ತ, ಸಂಜೆಗೆ ಮನೆಗೆ ಏನು ಒಯ್ಯಬೇಕೆಂದು. ಒಮ್ಮೆ ಮಾತ್ರ ಅನಿಸಿತ್ತು: ಯಂತ್ರ ಕೆಟ್ಟರೆ ಒಂದೇ ಯಾಕೆ ಕೆಡಬೇಕು? ಅನಿಸಿದ ಹೊತ್ತಿಗೇ ಕಿಟಕಿಯಲ್ಲಿ ಯಾರೋ ರಿಪೋರ್ಟ್ ಕೇಳಿದರು. ಇಳಿಯುತ್ತಿದ್ದದ್ದು ತಾನು. ತಾನು ಒಂದೊಂದೇ ಮೆಟ್ಟಿಲು ಇಳಿದ ಹಾಗೆಲ್ಲ ನೆಲವನ್ನು ಮೇಲಕ್ಕೆತ್ತಿ ಎಲ್ಲರನ್ನೂ ಅದರ ಮೇಲೆ ನಿಲ್ಲಿಸಿದ್ದಳು. ದರ್ಜಿಯನ್ನು, ಮಗಳನ್ನು. ಸುಸ್ತು ಅಂದವಳಿಗೆ, ನಿನಗೇನೂ ಆಗಿಲ್ಲ ಬೇಗ ಮಲಗು, ಆ ಮೊಬೈಲ್ ಎತ್ತಿಡು ಅಂದಿದ್ದಳು. ತಿದ್ದಿದ್ದನ್ನು ಕಳೆದು ತನ್ನ ನಿಜವಾದ ಎಣಿಕೆ ಎಷ್ಟೆಂದು ನೋಡಿ, ಡಾಕ್ಟರು ಹೇಳಿದ ಲೆಕ್ಕವನ್ನು ಒಂದು ಪೊಟ್ಟಣದ ಹಿಂಬದಿಯಲ್ಲಿ ಹಾಕಿದಳು. ಗೋಡೆಗೆ ಅವರೇ ಅಂಟಿಸಿದ್ದ ಚಾರ್ಟಿನಲ್ಲಿ ಮೂರು ಬಣ್ಣ. ಅವಳದು ಹಸಿರು ದಾಟಿ, ಹಳದಿ ದಾಟಿ ಬಂದಿತ್ತು. ಬಲಗಡೆ ಪಕ್ಕೆಯ ಕೆಳಗೆ ಕೈಯಿಟ್ಟು ಒತ್ತಿ ನೋಡಿದಳು. ಏನೂ ಇಲ್ಲ. ಮೆತ್ತಗೆ, ಬೆಚ್ಚಗೆ, ತನ್ನದೇ ಹೊಟ್ಟೆ. ನೋಯಲಿ ಎಂದು ಇನ್ನೂ ಬಲವಾಗಿ ಒತ್ತಿದಳು. ಏನಾದರೂ ಹೇಳಬೇಡವೆ, ಇಷ್ಟು ವರ್ಷ?

ಮಗಳಿಗೆ ಫೋನು ಮಾಡಿ ಊಟದ ಹೊತ್ತಿಗೆ ಬಂದುಹೋಗು ಅಂದಳು. ಯಾಕೆಂದು ಕೇಳಿದರೆ ಹೇಳಲು ಸುಳ್ಳು ಹುಡುಕುತ್ತಿದ್ದಳು, ಅವಳು ಕೇಳಲಿಲ್ಲ. ಬಂದವಳು ಒಳಗೆ ಕಾಲಿಡುತ್ತಲೇ ಶುರು: "ಅಮ್ಮಾ, ಇವತ್ತೊಬ್ಬಳು ಆಂಟಿ ಬಂದಿದ್ಲು. ಡ್ರೈವಿಂಗ್ ಲೈಸೆನ್ಸಿಗೆ ಕಣ್ಣು ಸರಿ ಇದೆ ಅಂತ ಬರ್ಕೊಡ್ಬೇಕಂತೆ. ಬೋರ್ಡಿನ ಅಕ್ಷರ ಎಲ್ಲಾ ಬಾಯಿಪಾಠ ಮಾಡ್ಕೊಂಡು ಬಂದಿದಾಳೆ! ನಾವು ಬೋರ್ಡ್ ತೆಗೆದಿಟ್ವಿ, ಆದ್ರೂ ಗೋಡೆ ನೋಡ್ಕೊಂಡು ಓದ್ತಾನೇ ಇದಾಳೆ." ಆಯಾ ಗೊಳ್ಳೆಂದು ನಕ್ಕಳು. ಅವಳು ಮಗಳ ಕಣ್ಣಿನ ಬಿಳಿಯಲ್ಲಿ ಹಳದಿ ಇದೆಯೇ ಎಂದು ನೋಡುತ್ತಿದ್ದಳು. ಬೆಳಕಿಗೆ ತಿರುಗಿಸಿ ನೋಡಬೇಕೆನಿಸಿತು. ಕೈ ಮುಂದೆ ಹೋಗಲಿಲ್ಲ.

"ಕೈ ಕೊಡು."

"ಯಾಕೆ, ಗಂಡು ಗೊತ್ತಾಯ್ತಾ?"

"ತಲೆಹರಟೆ ಸಾಕು. ಹೊಸ ಕಿಟ್ ಬಂದಿದೆ, ನೋಡ್ಬೇಕು."

"ನಾರ್ಮಲಮ್ಮಂಗೆ ಇವತ್ತು ರಜಾನಾ?" ಅನ್ನುತ್ತ ಮಗಳು ಅಂಗಿಯ ತೋಳು ಮಡಚಿ ಕುಳಿತಳು. ಆ ತೋಳಿನ ನರ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಪಟ್ಟಿ ಬಿಗಿದಳು, ಒರೆಸಿದಳು, ಚುಚ್ಚಿದಳು, ರಕ್ತ ಬರಲಿಲ್ಲ. ಸೂಜಿ ನರದ ಪಕ್ಕ ಜಾರಿತ್ತು. "ಅಮ್ಮಾ! ನೋವಾಯ್ತು." ಹಸುಗೂಸುಗಳ ನೆತ್ತಿಯಿಂದ ರಕ್ತ ತೆಗೆದವಳು. ಆಯಾ ತೊಳೆಯುವುದು ನಿಲ್ಲಿಸಿ ನೋಡುತ್ತಿರುವುದು ಬೆನ್ನಿಗೆ ತಿಳಿಯಿತು. ಎರಡನೆಯ ಸಲ ಸಿಕ್ಕಿತು. ಕೊಳವೆಯೊಳಗೆ ಅದು ಏರಿ ಬರುವಾಗ ತನ್ನದೇ ಎಲ್ಲಿಂದಲೋ ಸೋರುತ್ತಿರುವ ಹಾಗೆನಿಸಿತು. "ನಿನ್ ಕೈ ಯಾಕೆ ಇಷ್ಟು ತಣ್ಣಗಿದೆ?" ಅಂದಳು ಮಗಳು. "ನೀರಲ್ಲಿತ್ತು." ಡಬ್ಬಿ ತೆಗೆದು ಊಟ ಮಾಡು ಅಂತ ಅವಳನ್ನು ಕಿಟಕಿಯ ಪಕ್ಕದ ಸ್ಟೂಲಿಗೆ ಕಳಿಸಿದಳು.

ರಕ್ತ ಹೆಪ್ಪುಗಟ್ಟಿ, ತಿರುಗಿ, ಮೇಲೆ ಒಣಹುಲ್ಲಿನ ಬಣ್ಣದ ನೀರು ನಿಲ್ಲುವ ತನಕ ಕಾಯಬೇಕು. ದಿನವಿಡೀ ಇದನ್ನೇ ಮಾಡುವವಳಿಗೆ ಕಾಯುವುದು ಅಂದರೇನೆಂದು ಗೊತ್ತೇ ಇರಲಿಲ್ಲ. ಕಿಟಕಿಯ ಆಚೆ ಎಷ್ಟು ಜನ ಮುಖವಿಟ್ಟು, ಆಯ್ತಾ ಸಿಸ್ಟರ್, ಇನ್ನೂ ಎಷ್ಟೊತ್ತು ಅಂದಿದ್ದಾರೆ. ಆದಾಗ ಕರೀತೀನಿ ಅಂದಿದ್ದಾಳೆ, ತಲೆಯೆತ್ತದೆ. ಬೆಳಗಿನವನು ಬಿಟ್ಟುಹೋದ ಡಬ್ಬಿಯಿಂದಲೇ ಒಂದು ಪಟ್ಟಿ ತೆಗೆದಳು. ಹಳೆಯವು ಮುಗಿದಿದ್ದವು, ಕೊನೆಯದನ್ನು ತನಗೇ ಹಾಕಿಕೊಂಡಿದ್ದಳು. ಹನಿ ಬಿಟ್ಟಳು. ಒದ್ದೆ ಹರಡಿತು, ನಸುಗೆಂಪು ಮಬ್ಬು ಸರಿಯಿತು, ಮೊದಲ ಗೆರೆ ಬಂತು. ಅದು ಬರಲೇಬೇಕು, ಪಟ್ಟಿ ಸರಿಯಿದೆ ಎಂಬುದಕ್ಕೆ. ಎರಡನೆಯ ಜಾಗ ಬಿಳಿಯಾಗಿತ್ತು. ಕಣ್ಣು ಮಿಟುಕಿಸಲು ಹೆದರಿಕೆ. ಹಿಂದಿನಿಂದ ಮಗಳು ಅಗಿಯುವ ಸದ್ದು, ಚಮಚ ಡಬ್ಬಿಯ ಗೋಡೆಗೆ ತಾಗುವ ಸದ್ದು. ಬಿಳಿಯಾಗಿತ್ತು. ಎಲ್ಲೋ ಒಂದು ನೆರಳಿದೆಯೇ? ದೀಪದ ಕೆಳಗೆ ಹಿಡಿದಳು, ಓರೆಯಾಗಿ ಹಿಡಿದಳು. ಬೆಳಿಗ್ಗೆ ತನಗೆ ಬಂದದ್ದಕ್ಕಿಂತ ಹೆಚ್ಚು ಹೊತ್ತು ಕಾದಳು. ಅಲ್ಲಿ ಬಿಳಿಯಲ್ಲದೆ ಬೇರೇನೂ ಇರಲಿಲ್ಲ.

ಉಸಿರು ಹೊರಗೆ ಬರುವ ಮೊದಲೇ ಇನ್ನೊಂದು ತಟ್ಟಿತು, ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದ ಹಾಗೆ: ಕಿಟ್ಟು ಸರಿಯಿಲ್ಲ. ಬೆಳಿಗ್ಗೆ ಊರಿಗೆಲ್ಲ ಕೇಳುವಂತೆ ಕೂಗಿದ್ದವಳು ತಾನೇ. ಬಿಸಿಲಲ್ಲಿ ಕೆಟ್ಟ ಪಟ್ಟಿ ಇಲ್ಲದ್ದನ್ನು ಇದೆ ಅನ್ನಬಹುದಾದರೆ ಇದ್ದದ್ದನ್ನು ಇಲ್ಲ ಅನ್ನಬಾರದೆ? ಇಡೀ ದಿನ, ಡ್ರಾಯರಿನಲ್ಲಿ ಎರಡು ಗೆರೆ ನೋಡಿದ ಮೇಲೂ, ಲೆಕ್ಕ ಹಾಕಿದ ಮೇಲೂ, ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಮಾತು ಗೂಟ ಹೊಡೆದುಕೊಂಡು ಕೂತಿತ್ತು, ಕಿಟ್ಟು ಕೆಟ್ಟಿರಲಿ, ಕಿಟ್ಟು ಕೆಟ್ಟಿರಲಿ ಎಂದು. ಈಗ ಅದನ್ನು ಅಲ್ಲಿಂದ ಕೀಳಬೇಕಾಗಿತ್ತು. ಅದೇ ಡಬ್ಬಿಯಿಂದ ಇನ್ನೊಂದು ಪಟ್ಟಿ ತೆಗೆದು, ಮಗಳದರ ಪಕ್ಕಕ್ಕಿಟ್ಟು, ತನ್ನ ಕೊಳವೆಯಿಂದ ಹನಿ ಬಿಟ್ಟಳು. ಬಾ ಅಂದಳು, ಬಾಯಿ ಬಿಟ್ಟೇ ಅಂದಳೋ ಏನೋ, ಮಗಳು "ಏನಮ್ಮ?" ಅಂದಳು. ಬಾ, ಬಂದುಬಿಡು. ಮೊದಲ ಗೆರೆ ಬಂತು. ಆಮೇಲೆ ನಿಧಾನವಾಗಿ, ಅವಳ ಹಂಗಿಲ್ಲದೆ, ಎರಡನೆಯದು ಎದ್ದಿತು, ದಟ್ಟವಾಗಿ, ಯಾರಿಗೂ ಅನುಮಾನ ಉಳಿಯದ ಹಾಗೆ. ಪಕ್ಕದಲ್ಲಿ ಮಗಳದು ಹಾಗೇ ಬಿಳಿಯಾಗಿ ಮಲಗಿತ್ತು. ಕಿಟ್ಟಿಗೆ ಕಣ್ಣಿತ್ತು. ಅವಳು ಸ್ಟೂಲಿನ ಮೇಲೆ ಕುಸಿದು, ನಗುತ್ತಿದ್ದೇನೆಯೋ ಅಳುತ್ತಿದ್ದೇನೆಯೋ ತಿಳಿಯದೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಅಮ್ಮಾ, ಏನಾಯ್ತು? ಅಮ್ಮಾ!" ಮಗಳು ಚಮಚ ಬಿಟ್ಟು ಎದ್ದು ಬಂದಳು.

"ನಿಂಗೇನಿಲ್ಲ" ಅಂದಳು. ಆಮೇಲೆ, "ನಂಗಿದೆ."

"ಏನಿದೆ?"

ಹೇಳಿದಳು. ಬೇರೆ ತಾಯಂದಿರಿಗೆ ಹೇಳುವ ಮಾತುಗಳಲ್ಲೇ ಹೇಳಿದಳು, ಬೇರೆ ಮಾತು ಅವಳಿಗೆ ಬರುತ್ತಿರಲಿಲ್ಲ: ಮಾತ್ರೆ ಇದೆ, ತಡೆದು ನಿಲ್ಲಿಸಬಹುದು, ಆಗಿರೋ ಗಾಯ ಎಷ್ಟು ಗಟ್ಟಿ ಅಂತ ನೋಡ್ಬೇಕು, ನಿಂಗೆ ಲಸಿಕೆ ಹಾಕಿಸ್ಬೇಕು, ಅಪ್ಪಂದೂ ನೋಡ್ಬೇಕು. ಬಸುರಿಯಾಗಿದ್ದಾಗಿನ ಆ ಮಧ್ಯಾಹ್ನವನ್ನೂ ಹೇಳಿದಳು. ಮಗಳು ತನ್ನ ತೋಳಿನ ಹತ್ತಿಯನ್ನು ಎತ್ತಿ ನೋಡಿದಳು, ರಕ್ತ ನಿಂತಿತ್ತು. "ಅದಕ್ಕಾ ಎರಡು ಸಲ ಚುಚ್ಚಿದ್ದು?" ಅಂದಳು. ಕೋಪವೋ ತಮಾಷೆಯೋ, ಅವಳಿಗೆ ತಿಳಿಯಲಿಲ್ಲ, ಮಗಳಿಗೂ ತಿಳಿದಿರಲಿಕ್ಕಿಲ್ಲ. ಆಯಾ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಒರೆಸಿ ಒಣಗಿದ ಕೈಯನ್ನೇ ಮತ್ತೆ ಮತ್ತೆ.

ಹೊಸ ಡಾಕ್ಟರ ಕೋಣೆಯ ಬಾಗಿಲನ್ನು ಅವಳೂ ತಟ್ಟಲಿಲ್ಲ. ದರ್ಜಿಯನ್ನು ಕಳಿಸಬೇಡಿ ಸಾರ್, ಮೆಷಿನ್ ಎಲ್ಲರಿಗೂ ಜಾಸ್ತಿ ಹೇಳ್ತಾ ಇದೆ, ನಾನೇ ಹೇಳಿಸಿದ್ದು, ಎಷ್ಟು ದಿನದಿಂದ ಅಂತ ಕೂತು ನೋಡ್ಬೇಕು, ಲಿವರಿನವರನ್ನೆಲ್ಲ ಮತ್ತೆ ಕರೀಬೇಕು ಅಂತ ಒಂದೇ ಉಸಿರಿಗೆ ಅಂದಳು. ಅವರು ಪೆನ್ನಿನ ಮುಚ್ಚಳ ಹಾಕಿ, "ನಿಮಗೆ ಹೇಗೆ ಗೊತ್ತಾಯ್ತು?" ಅಂದರು. ಅದಕ್ಕೂ ಹೇಳಿದಳು. ಅವರ ಕಣ್ಣು ಒಂದು ಕ್ಷಣ, ಒಂದೇ ಕ್ಷಣ, ಅವಳು ಮೇಜಿನ ಮೇಲಿಟ್ಟಿದ್ದ ಕೈಗಳ ಕಡೆ ಹೋಗಿ ಬಂತು. ಅವಳು ಕೈ ತೆಗೆಯಲಿಲ್ಲ. ಅವರೇ ಮೊದಲು ನಾಚಿ, ಕುರ್ಚಿ ಎಳೆದು, "ಕೂತ್ಕೊಳ್ಳಿ" ಅಂದರು. ಇಷ್ಟು ದಿನದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತಿರಲಿಲ್ಲ.

ಲ್ಯಾಬಿಗೆ ಬಂದು ಯಂತ್ರದ ತಿದ್ದುವ ಅಂಕಿಯನ್ನು ಮೊದಲಿದ್ದಲ್ಲಿಗೆ ಇಳಿಸಿದಳು. ಬಾಟಲಿ ಬರುವ ತನಕ ಇದನ್ನು ಯಾರೂ ಮುಟ್ಟಬೇಡಿ ಅಂತ ಅದರ ಮೇಲೆ ಬಟ್ಟೆ ಹೊದಿಸಿದಳು. "ನಾಳೆ ಬೆಳಿಗ್ಗೆ ಏನ್ ಮಾಡ್ತೀಯಾ? ನಂದು ಬೇಕಾದ್ರೆ ತಗೋ" ಅಂತ ಮಗಳು ಇನ್ನೊಂದು ತೋಳು ಚಾಚಿದಾಗ "ಬೇಡ!" ಎಂದು ಕಿರುಚಿದ್ದು ತಾನೇ ಎಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಮಗಳ ಅಂಗಿಯ ತೋಳಿನ ಮಡಿಕೆ ಬಿಡಿಸಿ, ಮಣಿಕಟ್ಟಿನ ತನಕ ಎಳೆದು, ಗುಂಡಿ ಹಾಕಿದಳು. ಆಮೇಲೆ ಕಟ್ಟೆಯ ತುದಿಯ ಚೀಟಿ ತೆಗೆದು ಕಿಟ್ಟಿನವನಿಗೆ ಫೋನು ಮಾಡಿದಳು. ಅವನು ರಸ್ತೆಯಲ್ಲಿದ್ದ, ಹಾರನ್ನುಗಳ ನಡುವಿನಿಂದ, "ಹೇಳಿ ಮೇಡಂ, ಡಬ್ಬಿ ವಾಪಸ್ ತಗೊಂಡು ಹೋಗ್ಲಾ?" ಅಂದ, ಬೈಗುಳಕ್ಕೆ ಆಗಲೇ ತಲೆ ತಗ್ಗಿಸಿದವನ ದನಿಯಲ್ಲಿ.

"ನಿಮ್ಮ ಕಿಟ್ಟು ಸರಿಯಾಗಿದೆ" ಅಂದಳು.

ಹಾರನ್ನುಗಳು ನಿಂತವು, ಬೈಕನ್ನು ಎಲ್ಲೋ ಪಕ್ಕಕ್ಕೆ ತಂದಿರಬೇಕು. "ಹೌದಾ ಮೇಡಂ?" ಅಂದ. ಖುಷಿಯಾಗಿದ್ದ. ಆಮೇಲೆ ದನಿ ತಗ್ಗಿಸಿ, "ಅಯ್ಯೋ, ಹಾಗಾದ್ರೆ ಆ ಸ್ಯಾಂಪಲ್ಲು... ಪಾಪ, ಅವರಿಗೆ ಹೇಳಿದ್ರಾ ಮೇಡಂ?"

"ಈಗ ಹೇಳ್ತಾ ಇದೀನಿ" ಅಂದಳು, ಬಟ್ಟೆ ಹೊದ್ದು ನಿಂತಿದ್ದ ಯಂತ್ರವನ್ನು ನೋಡುತ್ತ.